ಬಸ್ ಮಿಸ್ಸಾಯ್ತು, ಮಿಸ್!

ಅಭ್ಯಾಸ ಬೋಧನೆಗೆ ಹೋದ ನಮಗೆಲ್ಲ ಮೊದಲ ಅವಧಿಯಲ್ಲಿ ಕೇಳಿ ಕೇಳಿ ರೂಢಿಯಾದ ವಾಕ್ಯವಿದು. ಕಾಪು, ಕಾರ್ಕಳ ಕಡೆಗಳಿಂದ ಉಡುಪಿಯ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಅನೇಕರು ಬಸ್ಸನ್ನೇ ನಂಬಿದವರು. ತಡವಾಗಿ ಬಂದವರಿಗೆ ಉತ್ತರವೂ ಸಿದ್ಧವಾಗಿರುತ್ತದೆ: "ಬಸ್ಸು ತಪ್ಪಿದ್ದಲ್ಲ, ತಪ್ಪು ನಿನ್ನದು." ಇಂಗ್ಲಿಷ್ ಪುಸ್ತಕದಲ್ಲಿ 'ಬಸ್ ಮಿಸ್ಡ್' ಎಂದು ಬರೆದಿದ್ದರೆ ಕೆಳಗೊಂದು ಕೆಂಪು ಗೆರೆ, ಪಕ್ಕದಲ್ಲಿ 'ಐ ಮಿಸ್ಡ್ ದ ಬಸ್'.

ಗೆರೆಯ ಬಗ್ಗೆ ನನ್ನ ತಕರಾರಿಲ್ಲ. ಇಂಗ್ಲಿಷಿನಲ್ಲಿ ಹಾಗೆಯೇ ಬರೆಯಬೇಕು. ತಕರಾರು ಇರುವುದು ಆ ವಾಕ್ಯವನ್ನು ಜಾರಿಕೊಳ್ಳುವ ಮಾತೆಂದು ತಿಳಿಯುವುದರ ಬಗ್ಗೆ. 'ನನಗೆ ಬಸ್ಸು ತಪ್ಪಿತು' ಎಂಬಲ್ಲಿ ಕರ್ತೃ ಬಸ್ಸು, 'ನಾನು' ಚತುರ್ಥಿಯಲ್ಲಿದ್ದೇನೆ. ನನಗೆ ಜ್ವರ ಬಂತು, ಹಸಿವಾಯಿತು ಎಂಬಂತೆ. ತುಳುವಿನಲ್ಲಿ 'ಬಸ್ಸ್ ತಿಕ್ಕಿಜಿ', ಸಿಕ್ಕಲಿಲ್ಲ. 'ನಾನು ಬಸ್ಸು ತಪ್ಪಿಸಿದೆ' ಎಂದರೆ ಕ್ಲಾಸು ತಪ್ಪಿಸಿದ ಹಾಗೆ, ಬೇಕೆಂದೇ ಮಾಡಿದ್ದು ಎಂದಾಗುತ್ತದೆ. ಮಗು ಇನ್ನು ಹೇಗೆ ಹೇಳಬೇಕು?

ನನ್ನ ಬೋಧನಾ ವಿಷಯ ಗಣಿತ. ಮಣಿಪಾಲದ ಬಸ್ಸಿನಲ್ಲಿ ನಿಂತೇ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುವ ಚಟವೊಂದಿದೆ, ಅಷ್ಟೆ. ಆ ಭಾಷೆಯಲ್ಲಿ ಬಸ್ಸಿಗೂ ಮೆಟ್ಟಿಲಿಗೂ ಒಂದೇ ಕ್ರಿಯಾಪದ: ಹತ್ತಲು 'ಸುಬಿರ್', ಇಳಿಯಲು 'ಬಹಾರ್'. 'ಎನ್ ಔಟೊಬುಸ್' ಎಂದರೆ ಅಕ್ಷರಶಃ ಬಸ್ಸಿನಲ್ಲಿ. ನಮ್ಮ ಮಕ್ಕಳು 'ಕೇಮ್ ಇನ್ ಬಸ್' ಎಂದು ಬರೆದು ಅಂಕ ಕಳೆದುಕೊಳ್ಳುವುದೂ ಇದೇ ದಾರಿಯಲ್ಲಿ. ಬಸ್ಸು ತಪ್ಪಿದವರು 'ಪೆರ್ದಿ ಎಲ್ ಔಟೊಬುಸ್', ಕಳೆದುಕೊಂಡೆ, ಎನ್ನಬಹುದು. 'ಸೆ ಮೆ ಫುಎ ಎಲ್ ಔಟೊಬುಸ್' ಎಂದೂ ಅನ್ನಬಹುದು. ಅಂದರೆ, ಬಸ್ಸು ನನಗೆ ಹೋಗಿಬಿಟ್ಟಿತು! ಇದನ್ನು ಸ್ಪ್ಯಾನಿಷ್ ಕಲಿಯುವವರಿಗೆ ವ್ಯಾಕರಣದ ಪಾಠವಾಗಿಯೇ ಹೇಳಿಕೊಡುತ್ತಾರೆ. ನಮ್ಮಲ್ಲಿ ಅದಕ್ಕೆ ನೆಪ ಎಂದು ಹೆಸರು.

ಪಾಠಯೋಜನೆಯ 'ಪೂರ್ವಜ್ಞಾನ' ಅಂಕಣವನ್ನು ನಾವು ಸಾಮಾನ್ಯವಾಗಿ ತುಂಬಿಸಲೆಂದೇ ತುಂಬಿಸುತ್ತೇವೆ. ಕಂಡಕ್ಟರರ 'ಜಪ್ಪುಲೆ', 'ಪೋಯಿ', 'ರೈಟ್' ಕೇಳುತ್ತಲೇ ಬರುವ ಮಗುವಿಗೆ ಬಸ್ಸಿನ ಭಾಷೆ ಮೂರು ನುಡಿಗಳಲ್ಲಿ ಗೊತ್ತಿರುತ್ತದೆ. ಕನ್ನಡ, ತುಳು, ಇಂಗ್ಲಿಷ್ ವಾಕ್ಯಗಳನ್ನು ಕಪ್ಪುಹಲಗೆಯಲ್ಲಿ ಒಂದರ ಕೆಳಗೊಂದು ಬರೆದು, 'ನಾನು' ಎಲ್ಲೆಲ್ಲಿ ನಿಂತಿದ್ದೇನೆಂದು ಮಕ್ಕಳಿಂದಲೇ ಹುಡುಕಿಸಬಹುದು. ಹತ್ತು ನಿಮಿಷ ಸಾಕು.

ಹಾಜರಿಯ ಹೊತ್ತಿನಲ್ಲಿ "ಯಾವ ಬಸ್ಸು? ಮುಂದಿನದು ಎಷ್ಟು ಗಂಟೆಗೆ?" ಎಂದು ಕೇಳಿದರೂ ಸಾಕು. ಯಾರು ಮಲಗಿಬಿಟ್ಟಿದ್ದರು, ಯಾರ ಊರಿಗೆ ಬೆಳಿಗ್ಗೆ ಒಂದೇ ಬಸ್ಸು ಎಂಬುದು ಆಗ ತಿಳಿಯುತ್ತದೆ.