ದೊಡ್ಡ ಪೆನ್ನು, ದುಬಾರಿ ಪೆನ್ನು

ರಾಮನಗರದ ಕೂಟಗಲ್ ಹೋಬಳಿಯಲ್ಲಿ ರೇಷ್ಮೆಯ ನೂರು ಮೊಟ್ಟೆ ಚಾಕಿ ಹುಳು ತಂದು, ಸೊಪ್ಪು ಚೆನ್ನಾಗಿದ್ದು, ರೋಗ ತಗುಲದೆ ಹುಳು ಚಂದ್ರಿಕೆ ಏರಿದರೆ 60ರಿಂದ 70 ಕೆ.ಜಿ. ಗೂಡು ಸಿಗುತ್ತದೆ. ರಾಮನಗರದ ಮಾರುಕಟ್ಟೆಯಲ್ಲಿ ಕೆ.ಜಿ.ಗೆ 500 ರೂಪಾಯಿ ಕೂಗಿದರು ಎಂದಿಟ್ಟುಕೊಳ್ಳೋಣ. ಮೂವತ್ತು, ಮೂವತ್ತೈದು ಸಾವಿರ ಕೈಗೆ ಬಂತು. ಅಲ್ಲಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ಮಾಂಟ್‌ಬ್ಲಾಂಕ್ 149 ಎಂಬ ಕಪ್ಪು ಇಂಕ್ ಪೆನ್ನು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಮಾರಾಟಕ್ಕಿದೆ. ಮೂರು ಬೆಳೆಗೆ ಒಂದು ಪೆನ್ನು. ಕೂಲಿ, ಗೊಬ್ಬರ, ಔಷಧಿಯ ಖರ್ಚನ್ನು ಇನ್ನೂ ಕಳೆದಿಲ್ಲ.

ಈ ಲೆಕ್ಕ ಕೇಳಿದ ಮೇಲೆ ಮಾತೇ ಮುಗಿಯಿತು ಎನ್ನುವವರಿದ್ದಾರೆ. ನನಗೆ ಅಷ್ಟು ಸುಲಭವಾಗಿ ಮುಗಿಯುವುದಿಲ್ಲ. ಅದೇ ಹೋಬಳಿಯಲ್ಲಿ ಎರಡು ಲಕ್ಷದ ಬೈಕು ಓಡಾಡುತ್ತದೆ, ಲಕ್ಷದ ಫೋನು ಜೇಬಿನಲ್ಲಿರುತ್ತದೆ. ಅವಕ್ಕೆ ಯಾರೂ ಗೂಡಿನ ಲೆಕ್ಕ ಹಾಕುವುದಿಲ್ಲ. ಆದರೂ ಪೆನ್ನಿನ ಪಾಡು ಬೇರೆಯೇ. ಹತ್ತು ರೂಪಾಯಿಯ ರೀಫಿಲ್ ಪೆನ್ನೂ ಅದೇ ಕೆಲಸ ಮಾಡುತ್ತದಲ್ಲ. ಹಾಗಾಗಿ ದುಬಾರಿ ಪೆನ್ನು ತನ್ನ ಬೆಲೆಗೆ ಜವಾಬು ಕೊಡಲೇಬೇಕು. ಈ ಜಗಳದಲ್ಲಿ ಎರಡೂ ಕಡೆಯವರು ಒಂದು ವಿಷಯ ಮರೆಯುತ್ತಾರೆ: ಪೆನ್ನು ದೊಡ್ಡದಾಗಿರುವುದು ಒಂದು ಸಂಗತಿ, ದುಬಾರಿಯಾಗಿರುವುದು ಇನ್ನೊಂದು. ಎರಡೂ ಒಂದೇ ಡಬ್ಬಿಯಲ್ಲಿ ಬರುವುದರಿಂದ ಒಂದರ ಗುಣವನ್ನು ಇನ್ನೊಂದರ ಹೆಸರಿಗೆ ಬರೆದುಬಿಡುತ್ತೇವೆ.

ಮೊದಲು ಗಾತ್ರ. 1952ರಲ್ಲಿ ಬಂದ 149 ಮುಚ್ಚಳ ಸೇರಿ ಹೆಚ್ಚುಕಡಿಮೆ 15 ಸೆಂ.ಮೀ. ಉದ್ದ, 30 ಗ್ರಾಂಗೆ ತುಸು ಮೇಲಿನ ತೂಕ. ಪೆಲಿಕಾನ್ ಎಂ1000, ಸೈಲರ್ ಕಂಪನಿಯ ಕಿಂಗ್ ಆಫ್ ಪೆನ್ ಇವೂ ಇದೇ ಜಾತಿಯವು. ಅಂಗಡಿಯ ಗಾಜಿನ ಹಿಂದೆ ನೋಡಿದರೆ ಇದು ಬರೆಯಲಿಕ್ಕೋ ತೋರಿಸಲಿಕ್ಕೋ ಎಂಬ ಅನುಮಾನ ಬರುವಷ್ಟು ದಪ್ಪ. ಆದರೆ ನಾಲ್ಕು ಪುಟ ಬರೆದ ಮೇಲೆ ಬೆರಳು ಬೇರೆ ಮಾತಾಡುತ್ತದೆ. ಸಣ್ಣ ಪೆನ್ನನ್ನು ಜಾರದಂತೆ ಹಿಡಿಯಲು ಬೆರಳುಗಳು ಒತ್ತುತ್ತಲೇ ಇರಬೇಕು. ದಪ್ಪ ಪೆನ್ನು ಅಷ್ಟು ಒತ್ತಡ ಬೇಡುವುದಿಲ್ಲ, ಹೆಬ್ಬೆರಳ ಬುಡದ ಸಂದಿಗೆ ಒರಗಿ ತನ್ನ ಭಾರದಿಂದಲೇ ನಿಬ್ಬನ್ನು ಕಾಗದಕ್ಕೆ ತಾಗಿಸುತ್ತದೆ. ರೀಫಿಲ್ ಪೆನ್ನಿನಲ್ಲಿ ಗುಂಡನ್ನು ಉರುಳಿಸಲು ಕೈಯೇ ಅದುಮಬೇಕು. ಇಂಕ್ ಪೆನ್ನಿನಲ್ಲಿ ಶಾಯಿ ತಾನಾಗಿ ಇಳಿಯುತ್ತದೆ. ಗಂಟು ನೋವಿರುವ ನಿವೃತ್ತ ಮೇಷ್ಟ್ರಿಗೆ ಈ ವ್ಯತ್ಯಾಸವನ್ನು ವಿವರಿಸುವ ಅಗತ್ಯವೇ ಇಲ್ಲ.

ಇನ್ನೊಂದು ಕಡೆಯೂ ಇದೆ. ಕೈ ಚಿಕ್ಕದಿದ್ದವರಿಗೆ ಇದೇ ಪೆನ್ನು ಭಾರ. ಹಿಂದಕ್ಕೆ ಮುಚ್ಚಳ ಸಿಕ್ಕಿಸಿ ಬರೆಯುವ ಅಭ್ಯಾಸವಿದ್ದರೆ ತೂಕವೆಲ್ಲ ಹಿಂದೆ ಸರಿದು ನಿಬ್ಬು ಮೇಲೇಳಲು ನೋಡುತ್ತದೆ. ಹಿತ್ತಾಳೆಯ ಮೈಯ ಕೆಲವು ಪೆನ್ನುಗಳು ಇದಕ್ಕಿಂತ ಬಹಳ ಹೆಚ್ಚು ತೂಗುತ್ತವೆ. ಅವನ್ನು ಸಹಿಗೆ ಮಾತ್ರ ಎಂದಿಟ್ಟುಕೊಳ್ಳುವುದು ವಾಸಿ. ಅಂಗಿ ಜೇಬಿನಿಂದ ಅರ್ಧ ಹೊರಗಿಣುಕುವ ಪೆನ್ನು ತುಂಬಿದ ಬಸ್ಸಿನಲ್ಲಿ ಏನಾದೀತು ಎಂಬ ಚಿಂತೆ ಬೇರೆ.

ಪೆನ್ನಿನ ಬಗ್ಗೆ ಬರುವ ಬರಹಗಳೆಲ್ಲ ಹೆಚ್ಚಾಗಿ ಇಂಗ್ಲಿಷ್ ಬರೆಯುವ ಕೈಗಾಗಿ ಬರೆದವು. ಕನ್ನಡಕ್ಕೆ ಅವುಗಳಲ್ಲಿ ಅರ್ಧ ಒಗ್ಗುವುದಿಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು. ದೊಡ್ಡ ಪೆನ್ನಿಗೆ ದೊಡ್ಡ ನಿಬ್ಬು, ಧಾರಾಳ ಶಾಯಿ. ಯುರೋಪಿನ ಮೀಡಿಯಂ ನಿಬ್ಬು ಎಳೆಯುವ ಗೆರೆಯೇ ಮುಕ್ಕಾಲು ಮಿಲಿಮೀಟರ್ ಹತ್ತಿರ. ನಮ್ಮ ಅಕ್ಷರಗಳ ಒಳಗೆ ಅಷ್ಟು ಜಾಗ ಎಲ್ಲಿದೆ? ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ದ ಮತ್ತು ಧ ನಡುವೆ ಒಂದು ಸೀಳು. ‘ಸ್ವಾತಂತ್ರ್ಯ’ ಬರೆಯಹೋದರೆ ಕೊನೆಯಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು. ತೋಯುವ ದಪ್ಪ ನಿಬ್ಬು ಅಂಗಡಿಯ ನೋಟುಪುಸ್ತಕದ ತೆಳು ಕಾಗದದ ಮೇಲೆ ಹರಿದರೆ ಸೊನ್ನೆಗಳೆಲ್ಲ ಮುಚ್ಚಿ, ಒತ್ತುಗಳು ಹುಳುವಿನಂತೆ ಮುದ್ದೆಯಾಗುತ್ತವೆ. ಅಕ್ಷರ ದೊಡ್ಡದು ಮಾಡಿ ಬರೆದರೆ ಸರಿಹೋದೀತು, ಆಗ ಎರಡು ಸಾಲಿನ ಜಾಗದಲ್ಲಿ ಒಂದು ಸಾಲು. ಒತ್ತಿದರೆ ಕವಲೊಡೆದು ದಪ್ಪ ಗೆರೆ ಕೊಡುವ ನಿಬ್ಬನ್ನು ಹೊಗಳುವವರೂ ಇದ್ದಾರೆ. ಅದು ಕೆಳಗಿಳಿಯುವ ಗೆರೆ ಎದ್ದು ಕಾಣುವ ಲಿಪಿಗೆ ಹೇಳಿ ಮಾಡಿಸಿದ್ದು. ಕನ್ನಡದ ಗೆರೆ ಸುತ್ತುತ್ತಲೇ ಇರುತ್ತದೆ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಕಾಲದಿಂದಲೂ ಹಾಗೆಯೇ ದುಂಡಗೆ ಬೆಳೆದ ಲಿಪಿ ಇದು. ಮೇಲಕ್ಕೆ ತಳ್ಳುವಾಗ ಕವಲು ನಿಬ್ಬು ಕಾಗದಕ್ಕೆ ಕಚ್ಚಿಕೊಳ್ಳುತ್ತದೆ. ಕನ್ನಡ ಬರೆಯುವವರಿಗೆ ಜಪಾನಿ ಕಂಪನಿಗಳ ಫೈನ್ ನಿಬ್ಬು, ಇಲ್ಲವೇ ಯುರೋಪಿನ ಎಕ್ಸ್‌ಟ್ರಾ ಫೈನ್ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ಅಗಲ ನಿಬ್ಬಿಗೆ ಇಲ್ಲಿ ಕೆಲಸವೇ ಇಲ್ಲ ಎನ್ನಲಾರೆ. ಮದುವೆ ಪತ್ರಿಕೆಯ ಲಕೋಟೆಯ ಮೇಲೆ ಕಡು ನೀಲಿಯಲ್ಲಿ ಅಗಲವಾಗಿ ಬರೆದ ಕನ್ನಡ ಹೆಸರಿಗೆ ಇರುವ ಗಾಂಭೀರ್ಯವೇ ಬೇರೆ.

ಇನ್ನು ಚಿನ್ನ. ನಿಬ್ಬಿಗೆ ಚಿನ್ನ ಬಂದದ್ದು ಶೋಕಿಗಲ್ಲ. ಹಳೆಯ ಕಬ್ಬಿಣದ ಅಂಶದ ಶಾಯಿಗಳು ಆಮ್ಲೀಯ, ಸಾದಾ ಉಕ್ಕನ್ನು ತಿಂದುಹಾಕುತ್ತಿದ್ದವು, ಚಿನ್ನವನ್ನು ತಿನ್ನುತ್ತಿರಲಿಲ್ಲ. ತುಕ್ಕು ಹಿಡಿಯದ ಉಕ್ಕು ಬಂದ ಮೇಲೆ, ಶಾಯಿಯೂ ಸೌಮ್ಯವಾದ ಮೇಲೆ ಆ ಕಾರಣ ಬಹುಮಟ್ಟಿಗೆ ಹೋಯಿತು. ಕಾಗದಕ್ಕೆ ತಾಗುವುದಂತೂ ಚಿನ್ನವೇ ಅಲ್ಲ, ತುದಿಗೆ ಬೆಸೆದ ಗಟ್ಟಿ ಮಿಶ್ರಲೋಹದ ಕಾಳು. ಅದು ಒಳ್ಳೆಯ ಉಕ್ಕಿನ ನಿಬ್ಬಿನಲ್ಲೂ ಇರುತ್ತದೆ. ಇಡೀ ನಿಬ್ಬಿನ ಚಿನ್ನ ಒಂದೆರಡು ಗ್ರಾಂ ಮೀರದು, ಹಾಗಾಗಿ ಚಿನ್ನದ ದರ ಎಷ್ಟೇ ಏರಲಿ, ಲಕ್ಷದಲ್ಲಿ ಅದರ ಪಾಲು ಸಣ್ಣದು. ಉಳಿದದ್ದು ಹೆಸರಿಗೆ, ಅಂಗಡಿಯ ಬಾಡಿಗೆಗೆ, ಜಾಹೀರಾತಿಗೆ, ಜೊತೆಗೆ ಪ್ರತಿ ನಿಬ್ಬನ್ನೂ ಕೈಯಲ್ಲಿ ಉಜ್ಜಿ, ಬರೆದು ನೋಡುವ ಕೆಲಸಗಾರರ ಸಮಯಕ್ಕೆ. ಆ ಕೊನೆಯದು ನಿಜವಾದ ಖರ್ಚು, ಅದನ್ನು ಅಲ್ಲಗಳೆಯಬಾರದು. ದೊಡ್ಡ ಚಿನ್ನದ ನಿಬ್ಬು ಕಾಗದದ ಮೇಲೆ ತುಸು ಬಳುಕುವ ಸುಖವೂ ನಿಜ. ಆ ಬಳುಕು ಲೋಹಕ್ಕಿಂತ ಆಕಾರದಿಂದ ಹೆಚ್ಚು ಬರುತ್ತದೆ ಎಂಬುದೂ ಅಷ್ಟೇ ನಿಜ.

ಗಾತ್ರವನ್ನು ಲಕ್ಷ ಕೊಡದೆ ಪಡೆಯುವ ದಾರಿ ದಕ್ಷಿಣ ಭಾರತದಲ್ಲೇ ಇದೆ. ರಾಜಮಂಡ್ರಿಯ ರತ್ನಂ, ತಿರುವಳ್ಳೂರಿನ ರಂಗ, ಹೈದರಾಬಾದಿನ ಡೆಕ್ಕನ್ ಇವರೆಲ್ಲ ಎಬೊನೈಟ್ ಸರಳನ್ನು ಲೇತಿಗೆ ಕೊಟ್ಟು ಪೆನ್ನು ತಿರುಗಿಸಿದವರು. ಎಬೊನೈಟ್ ಎಂದರೆ ಗಂಧಕ ಹೆಚ್ಚಾಗಿ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ಕೈಗೆ ತಣ್ಣಗೆ ಕೊರೆಯುವುದಿಲ್ಲ, ಬೆವರಿದರೂ ಜಾರುವುದಿಲ್ಲ. ಬಿಸಿಲಿಗಿಟ್ಟರೆ ಮಾತ್ರ ಕಪ್ಪು ಮಾಸಿ ಕಂದಾಗುತ್ತದೆ. ಕೆಲವೇ ಸಾವಿರಕ್ಕೆ 149ಕ್ಕಿಂತ ದಪ್ಪ ಪೆನ್ನು ಸಿಗುತ್ತದೆ, ಜರ್ಮನ್ ಉಕ್ಕಿನ ನಿಬ್ಬನ್ನೂ ಹಾಕಿಕೊಡುತ್ತಾರೆ. ಸ್ವದೇಶಿ ವಸ್ತು ಮಾಡು ಎಂಬ ಗಾಂಧೀಜಿಯ ಮಾತಿನಿಂದ ಕೆ.ವಿ. ರತ್ನಂ ಪೆನ್ನಿನ ಕೆಲಸಕ್ಕಿಳಿದರು. 1935ರಲ್ಲಿ ವಾರ್ಧಾದಿಂದ ಗಾಂಧೀಜಿ ಪತ್ರ ಬರೆದು ಆ ಪೆನ್ನನ್ನು ಮೆಚ್ಚಿದರು. ಅದೇ ಗಾಂಧೀಜಿಯ ಹೆಸರಿನಲ್ಲಿ 2009ರಲ್ಲಿ ಮಾಂಟ್‌ಬ್ಲಾಂಕ್ ದಂಡಿ ಯಾತ್ರೆಯ 241 ಮೈಲಿಗೆ ಸರಿಯಾಗಿ 241 ಪೆನ್ನು ತಂದಿತು. ಒಂದೊಂದರ ಬೆಲೆ ಹನ್ನೊಂದು ಲಕ್ಷಕ್ಕೂ ಮಿಗಿಲು. ಕೇರಳ ಹೈಕೋರ್ಟಿನಲ್ಲಿ ದಾವೆ ಬಿದ್ದು 2010ರಲ್ಲಿ ಮಾರಾಟ ನಿಂತಿತು. ಐಷಾರಾಮಿ ಪೆನ್ನನ್ನು ಬೈಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಆದರೆ ಇದನ್ನೇ ಹಿಡಿದು ಎಲ್ಲ ದುಬಾರಿ ಪೆನ್ನನ್ನೂ ಅಳೆಯುವುದು ಅನ್ಯಾಯ. ಆ 241 ಸಂಗ್ರಹಕಾರರ ಕಪಾಟಿಗೆಂದೇ ಹುಟ್ಟಿದವು. ಸಾದಾ 149 ದಿನವೂ ಬರೆಯುವವರ ಕೈಯಲ್ಲಿ ಎಪ್ಪತ್ತು ವರ್ಷ ದುಡಿದಿದೆ.

ದೇಶಿ ಪೆನ್ನಿನ ತೊಡಕನ್ನೂ ಹೇಳಬೇಕು. ಇವುಗಳಲ್ಲಿ ಬಹಳಷ್ಟು ಡ್ರಾಪರ್‌ನಿಂದ ಹೊಟ್ಟೆಗೇ ಶಾಯಿ ತುಂಬುವ ಪೆನ್ನುಗಳು. ಮೂರ್ನಾಲ್ಕು ಮಿಲಿಲೀಟರ್ ಹಿಡಿಯುತ್ತದೆ, ವಾರಗಟ್ಟಲೆ ಬರುತ್ತದೆ, ಕೆಡಲು ಒಳಗೆ ಯಂತ್ರವೇ ಇಲ್ಲ. ಆದರೆ ಶಾಯಿ ಅರ್ಧಕ್ಕಿಳಿದಾಗ ಖಾಲಿ ಜಾಗದಲ್ಲಿ ಗಾಳಿ ಸೇರುತ್ತದೆ. ಕೈಯ ಬಿಸಿಗೆ ಆ ಗಾಳಿ ಹಿಗ್ಗಿ ಶಾಯಿಯನ್ನು ಮುಂದಕ್ಕೆ ನೂಕುತ್ತದೆ, ಬರೆಯುತ್ತಿರುವ ಸಾಲಿನ ಮೇಲೆ ದಪ್ಪ ಹನಿ ಬೀಳುತ್ತದೆ. ಪೆನ್ನು ದೊಡ್ಡದಾದಷ್ಟೂ ಈ ಕಾಟ ಹೆಚ್ಚು. ಏಪ್ರಿಲ್ ತಿಂಗಳ ರಾಮನಗರದ ಬಂಡೆಗಳ ನಡುವೆ ಇದನ್ನು ಊಹೆಗೆ ಬಿಡಬೇಕಾಗಿಲ್ಲ. ಅರ್ಧಕ್ಕಿಂತ ಕಡಿಮೆ ಆಗದಂತೆ ತುಂಬಿಸುತ್ತಿದ್ದರೆ ತಪ್ಪಿಸಬಹುದು, ಆದರೆ ಅದೊಂದು ಊಳಿಗವೇ. 149 ಅಥವಾ ಎಂ1000ದ ಪಿಸ್ಟನ್ನು ಈ ವಿಷಯದಲ್ಲಿ ಸ್ಪಷ್ಟವಾಗಿ ಮೇಲು. ಹಿಂಬದಿಯ ತಿರುಪು ತಿರುಗಿಸಿದರೆ ಬಾಟಲಿಯಿಂದ ತಾನೇ ಎಳೆದುಕೊಳ್ಳುತ್ತದೆ, ಒಳಗಿನ ಗಾಳಿಯೂ ಕಡಿಮೆ. ಕೆಟ್ಟರೆ ಮಾತ್ರ ಕಂಪನಿಯ ಸರ್ವಿಸ್‌ಗೆ ಕಳಿಸಿ ಕಾಯಬೇಕು, ಬಿಲ್ಲನ್ನೂ ನೋಡಬೇಕು.

ಪಕ್ಕದ ಚನ್ನಪಟ್ಟಣವನ್ನು ಬಿಟ್ಟು ಈ ಚರ್ಚೆ ಮಾಡಲಾಗದು. ಅಲ್ಲಿ ಲೇತು ಇದೆ, ತಲೆಮಾರುಗಳ ಕೈ ಇದೆ, ಆಲೆ ಮರವಿದೆ, ಅರಗು ಇದೆ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಕರಗಿ ಹತ್ತಿಕೊಳ್ಳುತ್ತದೆ. ಮೇಲೆ ಗರಿ ಹಿಡಿದು ಉಜ್ಜಿದರೆ ಹೊಳಪು. ಅಲ್ಲಿನ ಅಂಗಡಿಗಳಲ್ಲಿ ಗೊಂಬೆಗಳ ನಡುವೆ ಪೆನ್ನೂ ಇರುತ್ತದೆ, ಹೆಚ್ಚಾಗಿ ರೀಫಿಲ್ ಹಾಕುವಂಥದ್ದು. ಜಪಾನಿನಲ್ಲಿ ಉರುಶಿ ಲೇಪದ ನಮಿಕಿ ಎಂಪರರ್ ಪೆನ್ನು ಲಕ್ಷಗಟ್ಟಲೆಗೆ ಹೋಗುವಾಗ ನಮ್ಮ ಅರಗಿನ ಪೆನ್ನು ನೂರು, ಇನ್ನೂರಕ್ಕೆ ಏಕೆ ನಿಂತಿತು ಎಂದು ಕೇಳುವವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಎರಡೂ ಒಂದೇ ವಸ್ತುವಲ್ಲ. ಉರುಶಿ ಮರದ ರಸ. ತೇವದಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದ ಮೇಲೆ ಸುಲಭಕ್ಕೆ ಕರಗದು. ಅರಗು ಕೀಟದ ಅಂಟು. ಬಿಸಿಗೆ ಮೆದುವಾಗುತ್ತದೆ, ಆಲ್ಕೋಹಾಲಿಗೆ ಕರಗುತ್ತದೆ. ಸ್ಯಾನಿಟೈಸರ್ ಸವರಿದ ಒದ್ದೆ ಕೈ ಸಾಕು ಅದರ ಹೊಳಪು ಕೆಡಿಸಲು. ಮರವಂತೂ ಶಾಯಿ ಕುಡಿದು ಉಬ್ಬುತ್ತದೆ. ಒಳಗೆ ಎಬೊನೈಟ್ ಕೊಳವೆ, ಹೊರಗೆ ಆಲೆ ಮರ ಮತ್ತು ಅರಗು ಎಂಬ ಜೋಡಣೆ ಸಾಧ್ಯ. ಆದರೆ ಮುಚ್ಚಳದ ತಿರುಪು ಸರಿಯಾಗಿ ಕೂರಬೇಕಾದ ನಾಜೂಕು ಬುಗುರಿಗೆ ಬೇಕಾದ ನಾಜೂಕಿಗಿಂತ ಬೇರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಊರನ್ನು ಬಳಸಿ ಹೋದ ಮೇಲೆ ಹಳೆ ಹೆದ್ದಾರಿಯ ಗೊಂಬೆ ಅಂಗಡಿಗಳ ವ್ಯಾಪಾರ ಕುಗ್ಗಿದೆ. ಅತ್ತ, ಪೆನ್ನು ಮಾರುವ ಬೆಂಗಳೂರಿನ ವಿಲಿಯಂ ಪೆನ್ ಕಂಪನಿ 2022ರಲ್ಲಿ ಅಮೆರಿಕದ ಹಳೆಯ ಶೇಫರ್ ಪೆನ್ನಿನ ಹೆಸರನ್ನೇ ಕೊಂಡಿತು. ಪೆನ್ನು ಮಾರುವ ದುಡ್ಡು ಮತ್ತು ಪೆನ್ನು ತಿರುಗಿಸುವ ಕೈ ಒಂದೇ ರಸ್ತೆಯ ಎರಡು ತುದಿಯಲ್ಲಿವೆ, ಇನ್ನೂ ಭೇಟಿಯಾದಂತೆ ಕಾಣುವುದಿಲ್ಲ. (ಅರಗಿನ ಕಾರ್ಖಾನೆಯಾಗಿ 1937ರಲ್ಲಿ ಮೈಸೂರಿನಲ್ಲಿ ಶುರುವಾದದ್ದೇ ಇಂದು ದೇಶದ ಮತದಾರರ ಬೆರಳಿಗೆಲ್ಲ ಶಾಯಿ ಕೊಡುತ್ತಿದೆ. ಅರಗು, ಶಾಯಿ ಎರಡೂ ನಮಗೆ ಹೊಸತೇನಲ್ಲ.)

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ದಿನಕ್ಕೆ ಮೂರ್ನಾಲ್ಕು ಪುಟ ಕೈಯಲ್ಲೇ ಬರೆಯುವ, ಸಾಲ ಮಾಡದೆ ಕೊಳ್ಳಬಲ್ಲ ಲೇಖಕನೋ ವಕೀಲನೋ ಲಕ್ಷದ ಪೆನ್ನು ಕೊಂಡರೆ ನಾನು ದುಂದು ಎನ್ನಲಾರೆ. ಇಪ್ಪತ್ತು, ಮೂವತ್ತು ವರ್ಷ ಅದು ಬಾಳುತ್ತದೆ, ಮಾರಿದರೂ ತಕ್ಕಮಟ್ಟಿಗೆ ದುಡ್ಡು ಹುಟ್ಟುತ್ತದೆ. ಆದರೆ ಗೀಚು ಬಿದ್ದೀತೆಂಬ ಭಯಕ್ಕೆ ಬೀರುವಿನಲ್ಲಿ ಇಟ್ಟು, ಸಹಿ ಹಾಕುವ ದಿನ ಮಾತ್ರ ತೆಗೆಯುವವರೇ ಹೆಚ್ಚು. ಬಳಸದ ಪೆನ್ನಿನಲ್ಲಿ ಶಾಯಿ ಒಣಗಿ ಕೊನೆಗೆ ಆ ದಿನವೂ ಬರೆಯುವುದಿಲ್ಲ. ದೊಡ್ಡ ಪೆನ್ನು ತನ್ನ ಕೈಗೆ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲದವರು ಮೊದಲು ಎಬೊನೈಟಿನ ಪೆನ್ನು ಕೊಂಡು ಒಂದು ವರ್ಷ ಬರೆಯಲಿ ಎಂಬ ಕಡೆಗೇ ನನ್ನ ಒಲವು. ಹನಿ ಬೀಳುವುದಕ್ಕೆ ಬೇಸತ್ತ ಮೇಲೂ ಗಾತ್ರ ಬೇಕೆನಿಸಿದರೆ ಪಿಸ್ಟನ್ನಿಗೆ ದುಡ್ಡು ಕೊಡಲು ಕಾರಣ ಸಿಕ್ಕಿತು.

ಎರಡರಲ್ಲಿ ಯಾವುದೇ ಇರಲಿ, ಅಂಗಡಿಗೆ ಹೋಗುವಾಗ ನಿಮ್ಮದೇ ನೋಟುಪುಸ್ತಕ ಒಯ್ಯಿರಿ. ಅಲ್ಲಿ ಕೊಡುವ ದಪ್ಪ ನುಣುಪು ಕಾಗದದ ಮೇಲೆ ಎಲ್ಲ ನಿಬ್ಬೂ ಚೆಂದ. ಇಂಗ್ಲಿಷ್ ಸಹಿ ಹಾಕಿ ನೋಡಿ ಬರಬೇಡಿ. ‘ರಾಷ್ಟ್ರ’, ‘ಕಠಿಣ’, ‘ವೈಶಿಷ್ಟ್ಯ’ ಬರೆಯಿರಿ, ಮುಚ್ಚಳ ಸಿಕ್ಕಿಸದೆ ಒಂದು ಪುಟ, ನೀವು ನಿತ್ಯ ಬರೆಯುವ ಅಳತೆಯಲ್ಲೇ. ಠ ಒಳಗಿನ ಚುಕ್ಕೆ ಉಳಿಯದಿದ್ದರೆ ಒಂದು ಅಳತೆ ಸಣ್ಣ ನಿಬ್ಬು ಕೇಳಿ.