ಪರದೇಶದ ವ್ಯಾಪಾರವೂ ಪರದೇಶದ ಕಾಯಿದೆಯೂ

ಹೆರಾತಿನ ದೊರೆ ಶಾಹರುಖನ ರಾಯಭಾರಿಯಾದ ಅಬ್ದುರ್ ರಜಾಕನು 1443ರಲ್ಲಿ ಹುರ್ಮುಜ್ ಬಂದರದ ಮಾರ್ಗವಾಗಿ ವಿಜಯನಗರಕ್ಕೆ ಬಂದನೆಂಬುದನ್ನು ವಾಚಕರು ಬಲ್ಲರು. ಅದೇ ಹುರ್ಮುಜಿನಿಂದ ಹಡಗೇರಿದ ಕುದುರೆಗಳು ಭಟ್ಕಳ, ಗೋವೆಗಳಲ್ಲಿ ಇಳಿದು ಈ ರಾಜಧಾನಿಯನ್ನು ಸೇರುತ್ತಿದ್ದವು. ಇಮ್ಮಡಿ ದೇವರಾಯನ ಅಧಿಕಾರಿಯಾದ ಅಹಮದ್ ಖಾನನು 1439ರಲ್ಲಿ ಇಲ್ಲಿ ಕಟ್ಟಿಸಿದ ಮಸೀದೆಯನ್ನು ಅಲ್ಲಿಯ ಕನ್ನಡ ಶಾಸನವು ಧರ್ಮಸಾಲೆಯೆಂದೇ ಕರೆದಿರುವುದು. ಪರದೇಶದ ವರ್ತಕರನ್ನು ಆದರದಿಂದ ಕಾಣಬೇಕೆಂಬ ರಾಜನೀತಿಯನ್ನು ಕೃಷ್ಣದೇವರಾಯನು ತನ್ನ ‘ಆಮುಕ್ತಮಾಲ್ಯದ’ದಲ್ಲಿ ಹೇಳಿರುವನು. ಅನ್ಯಧರ್ಮೀಯನ ಸರಕು ಹಂಪಿಯ ಪೇಟೆಗೆ ಬಂದದ್ದು ಇಂಥ ಭರವಸೆಯ ಮೇಲೆಯೇ ಅಲ್ಲವೆ?

ಈಗ ಪ್ರವಾಹವು ತಿರುಗಿದೆ. ನಮ್ಮವರು ದುಬೈ, ಅಬುಧಾಬಿ, ರಿಯಾಧ್‌ಗಳಿಗೆ ಕೂಲಿಗಾಗಿ ಮಾತ್ರವಲ್ಲ, ಅಂಗಡಿ ತೆರೆಯುವುದಕ್ಕಾಗಿಯೂ ಹೋಗುತ್ತಿರುವರು. ಈ ವಿಷಯದಲ್ಲಿ ಎರಡು ತಪ್ಪು ಕಲ್ಪನೆಗಳು ಬಲವಾಗಿ ಬೇರೂರಿವೆ. ಇಸ್ಲಾಮೀ ಕಾಯಿದೆಯಿರುವಲ್ಲಿ ಅನ್ಯನಿಗೆ ನ್ಯಾಯವೇ ದೊರೆಯದೆಂಬುದು ಒಂದು. ಅಲ್ಲಿ ತೆರಿಗೆಯೇ ಇಲ್ಲ, ಹಣವು ತಾನಾಗಿ ಬೆಳೆಯುವುದೆಂಬುದು ಇನ್ನೊಂದು. ಎರಡೂ ನಿರಾಧಾರವಾದವುಗಳು.

ಸಂಯುಕ್ತ ಅರಬ್ ಎಮಿರೇಟುಗಳ ಸಂವಿಧಾನದಲ್ಲಿ ಶರೀಯತ್ತು ಕಾಯಿದೆಗಳ ಒಂದು ಮುಖ್ಯ ಮೂಲವೆಂದು ಹೇಳಿರುವುದು ನಿಜ. ಆದರೂ ಅಲ್ಲಿಯ ವ್ಯಾಪಾರವು ಬರೆದಿಟ್ಟ ವಾಣಿಜ್ಯ ಕಾಯಿದೆಗಳಂತೆ ನಡೆಯುವುದು. ಬ್ಯಾಂಕಿನ ಬಡ್ಡಿಗೂ ಅದರಲ್ಲಿ ಎಡೆಯುಂಟು. ನೆರೆಯ ಸೌದಿಯಲ್ಲಾದರೋ ಸಾಮಾನ್ಯ ನ್ಯಾಯಾಲಯಗಳು ಬಡ್ಡಿಯನ್ನು ಕೊಡಿಸುವುದಿಲ್ಲ. ಇನ್ನು ತೆರಿಗೆಯ ಮಾತು. ಎಮಿರೇಟುಗಳಲ್ಲಿ 2018ರಿಂದ ನೂರಕ್ಕೆ 5ರಂತೆ ಮೌಲ್ಯವರ್ಧಿತ ತೆರಿಗೆಯಿದೆ. 3,75,000 ದಿರ್ಹಮಿಗೆ ಮೀರಿದ ಲಾಭದ ಮೇಲೆ ನೂರಕ್ಕೆ 9ರಂತೆ ತೆರಿಗೆಯು 2023ರಲ್ಲಿ ಜಾರಿಗೆ ಬಂದಿತು.

ನಿಜವಾದ ಅಪಾಯವು ಬೇರೆಡೆಯಲ್ಲಿದೆ. ಬಹುಕಾಲ ಅಲ್ಲಿ ಕಂಪನಿಯ ನೂರಕ್ಕೆ 51 ಪಾಲು ಆ ದೇಶೀಯನ ಹೆಸರಿನಲ್ಲಿರಬೇಕೆಂಬ ಕಟ್ಟಳೆಯಿದ್ದುದರಿಂದ, ಹೆಸರು ಒಬ್ಬನದು ಬಂಡವಾಳ ಇನ್ನೊಬ್ಬನದೆಂಬ ಗುಪ್ತ ಕರಾರುಗಳು ಹುಟ್ಟಿಕೊಂಡವು. 2021ರ ಜೂನ್ 1ರಿಂದ ಹೆಚ್ಚಿನ ಉದ್ಯಮಗಳಲ್ಲಿ ಪರದೇಶೀಯನೇ ಪೂರ್ಣ ಒಡೆಯನಾಗಬಹುದಾಗಿದೆ. ಆದರೂ ಹಳೆಯ ಚಟವು ಬಿಡದವರುಂಟು. ಸೌದಿಯ 2020ರ ಕಾಯಿದೆಯಂತೆ ಇಂಥ ಬೇನಾಮಿ ವ್ಯಾಪಾರಕ್ಕೆ 5 ವರ್ಷಗಳವರೆಗೆ ಸೆರೆಮನೆ, 50 ಲಕ್ಷ ರಿಯಾಲುಗಳವರೆಗೆ ದಂಡ. ಅದರ ಮೇಲೆ ಭಾಷೆಯ ತೊಡಕು ಬೇರೆ. ಕರಾರು ಎರಡು ಭಾಷೆಗಳಲ್ಲಿದ್ದರೆ ಅಲ್ಲಿಯ ಸಾಮಾನ್ಯ ನ್ಯಾಯಾಲಯವು ಅರಬ್ಬೀ ಪಾಠವನ್ನೇ ಹಿಡಿಯುವುದು. ತಾನು ಓದಲಾರದ ಕಾಗದಕ್ಕೆ ರುಜು ಹಾಕಿದವನು ಆಮೇಲೆ ಯಾರನ್ನು ದೂರಬೇಕು?

ಸೋತರೆ ವಿಮಾನವೇರಿ ಊರಿಗೆ ಬಂದರಾಯಿತೆಂಬ ಧೈರ್ಯವೂ ಇನ್ನು ಸಲ್ಲದು. 2020ರ ಜನವರಿ 17ರ ಭಾರತ ಸರಕಾರದ ಪ್ರಕಟಣೆಯಂತೆ, ಎಮಿರೇಟುಗಳ ಗೊತ್ತಾದ ನ್ಯಾಯಾಲಯಗಳು ಕೊಟ್ಟ ಹಣದ ಡಿಕ್ರಿಯನ್ನು ನಮ್ಮ ಜಿಲ್ಲಾ ನ್ಯಾಯಾಲಯದಲ್ಲಿಯೇ ಜಾರಿ ಮಾಡಿಸಬಹುದು. ದುಬೈಯಲ್ಲಿ ಮಾಡಿದ ಸಾಲವು ಹೊಸಪೇಟೆಯ ಮನೆಯನ್ನೂ ಕಂಪ್ಲಿಯ ಗದ್ದೆಯನ್ನೂ ಹುಡುಕಿಕೊಂಡು ಬರಬಲ್ಲದೆಂಬುದೇ ಇದರ ತಾತ್ಪರ್ಯ. ಊರಿನಲ್ಲಿ ಕುಳಿತ ಹೆಂಡಿರು ಮಕ್ಕಳು ಇದನ್ನು ತಿಳಿಯದೆಯೇ ಹೊಣೆಗೆ ಸಿಕ್ಕಿಬೀಳುವರು.

ನಮ್ಮ ನಾಡಿನವರ ಏಳುಬೀಳು ಎರಡನ್ನೂ ಆ ದೇಶವು ಕಂಡಿದೆ. ಉಡುಪಿ ಸೀಮೆಯ ಕಾಪುವಿನ ಬಿ. ಆರ್. ಶೆಟ್ಟರು 1975ರಲ್ಲಿ ಅಬುಧಾಬಿಯಲ್ಲಿ ಸ್ಥಾಪಿಸಿದ ಎನ್.ಎಂ.ಸಿ. ಆಸ್ಪತ್ರೆಯು ಬೆಳೆದು 2012ರಲ್ಲಿ ಲಂಡನ್ನಿನ ಷೇರುಪೇಟೆಯನ್ನು ಮುಟ್ಟಿತು. ಲೆಕ್ಕಕ್ಕೆ ಬಾರದ ನೂರಾರು ಕೋಟಿ ಡಾಲರುಗಳ ಸಾಲವು ಬಯಲಾಗಿ, 2020ರ ಏಪ್ರಿಲಿನಲ್ಲಿ ಆ ಸಂಸ್ಥೆಯು ನ್ಯಾಯಾಲಯವು ನೇಮಿಸಿದ ಆಡಳಿತಗಾರರ ಕೈಸೇರಿತು. ಹೊಣೆ ಯಾರದೆಂಬುದನ್ನು ನಾವಿಲ್ಲಿ ವಿಚಾರಿಸುವುದಿಲ್ಲ. ಪರಧರ್ಮೀಯನೆಂಬ ಕಾರಣದಿಂದ ಅದರ ಏಳಿಗೆಗೆ ಅಡ್ಡಿಯಾಗಲಿಲ್ಲ. ಅದನ್ನು ಕೆಡವಿದ್ದೂ ಶರೀಯತ್ತಲ್ಲ, ಲೆಕ್ಕದ ಪುಸ್ತಕ. ಇಷ್ಟನ್ನು ಹೇಳಿದರೆ ಸಾಕು.

ಆದುದರಿಂದ ಸರಕಾರಕ್ಕೂ ವರ್ತಕರಿಗೂ ನಮ್ಮ ಸೂಚನೆಯಿದು. ಕನ್ನಡದಲ್ಲಿ ಈ ಕಾಯಿದೆಗಳ ತಿಳಿವಳಿಕೆ ಕೊಡುವ, ಕರಾರನ್ನು ಓದಿಸಿ ಹೇಳುವ ಒಂದು ಕಚೇರಿಯು ಬೆಂಗಳೂರಿನಲ್ಲಿ ಮಾತ್ರವಲ್ಲದೆ ಹೊಸಪೇಟೆಯಂಥ ಜಿಲ್ಲಾ ಸ್ಥಳಗಳಲ್ಲಿಯೂ ಇರತಕ್ಕದ್ದು. ವರ್ತಕ ಸಂಘಗಳು ಅಲ್ಲಿ ವ್ಯಾಪಾರ ಮಾಡಿ ಬಂದವರನ್ನು ಕರೆಯಿಸಿ ಹೊಸಬರಿಗೆ ಬುದ್ಧಿ ಹೇಳಿಸಲಿ. ಹೊಲ ಮಾರಿ ಹೊರಡುವವನು ಆ ನಾಡಿನ ವಕೀಲನಿಗೆ ಮೊದಲ ಖರ್ಚನ್ನು ಮಾಡಲಿ. ಹುರ್ಮುಜಿನ ವರ್ತಕನು ಹಂಪಿಯ ರೀತಿನೀತಿಗಳನ್ನು ಅರಿತೇ ಇಲ್ಲಿ ಸರಕು ಬಿಚ್ಚಿದನು. ಅಷ್ಟು ವಿವೇಕವು ನಮ್ಮ ತರುಣರಲ್ಲಿಯೂ ಇರಬೇಡವೆ?