ಬೆಂಗಳೂರಿನ ಗಡಿ ಎಲ್ಲಿದೆ?

ಲಾಲ್‌ಬಾಗಿನ ಬಂಡೆಯ ಮೇಲೆ ಒಂದು ಪುಟ್ಟ ಗೋಪುರವಿದೆ. ಹಲಸೂರು, ಕೆಂಪಾಂಬುಧಿ ಕೆರೆ ಮತ್ತು ಮೇಖ್ರಿ ವೃತ್ತದ ಬಳಿ ಅಂಥವೇ ಇನ್ನು ಮೂರು ಇವೆ. ಪೇಟೆಯು ಈ ನಾಲ್ಕು ಗೋಪುರಗಳನ್ನು ದಾಟಿ ಬೆಳೆಯಬಾರದೆಂದು ಕೆಂಪೇಗೌಡರ ಮನೆತನದವರು ಇವನ್ನು ಕಟ್ಟಿಸಿದರೆಂಬ ಐತಿಹ್ಯವಿದೆ. ಐತಿಹ್ಯದ ಸತ್ಯಾಸತ್ಯತೆ ಏನೇ ಇರಲಿ, ಊರಿಗೊಂದು ಎಲ್ಲೆ ಇರಬೇಕೆಂಬ ವಿವೇಕ ಅದರಲ್ಲಿ ಉಳಿದುಕೊಂಡಿದೆ. ಇಂದು ನಾಲ್ಕೂ ಗೋಪುರಗಳು ನಗರದ ಹೊಟ್ಟೆಯೊಳಗಿವೆ.

1537ರಲ್ಲಿ ಕೆಂಪೇಗೌಡರು ಕಟ್ಟಿದ ಪೇಟೆ ಕಸುಬುಗಳ ಊರಾಗಿತ್ತು. ಅಕ್ಕಿಪೇಟೆ, ಅರಳೇಪೇಟೆ, ಕುಂಬಾರಪೇಟೆ, ಬಳೇಪೇಟೆ ಎಂಬ ಹೆಸರುಗಳೇ ಅದನ್ನು ಹೇಳುತ್ತವೆ. ಎತ್ತರದ ಆ ದಿಣ್ಣೆಯ ಮೇಲೆ ವರ್ಷವಿಡೀ ಹರಿಯುವ ಹೊಳೆಯಿರಲಿಲ್ಲ. ಆದ್ದರಿಂದ ಪೇಟೆಯ ಸುತ್ತ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮುಂತಾದ ಕೆರೆಗಳಿದ್ದವು. ಕೆರೆಯಲ್ಲಿ ನೀರಿದ್ದಷ್ಟೇ ಊರು. 1809ರಲ್ಲಿ ಬ್ರಿಟಿಷರ ದಂಡು ಪಕ್ಕದಲ್ಲಿ ಬಂದು ನೆಲೆಸಿತು. 1898ರ ಪ್ಲೇಗು ಇಕ್ಕಟ್ಟಾದ ಪೇಟೆಯ ಜನರನ್ನು ಬಸವನಗುಡಿ, ಮಲ್ಲೇಶ್ವರಗಳತ್ತ ಓಡಿಸಿತು. ಬಡಾವಣೆಗಳ ಕಾಲ ಹೀಗೆ ಆರಂಭವಾಯಿತು.

ಇದಕ್ಕಿಂತ ದೊಡ್ಡ ಬದಲಾವಣೆ ನೆಲದಡಿಯಲ್ಲಿ ನಡೆಯಿತು. 1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯ ಮೂಲಕ ಅರ್ಕಾವತಿಯ ನೀರು ಬಂತು. ಊರಿನ ನೀರು ಊರಿನಲ್ಲಿಯೇ ಇರಬೇಕಾಗಿಲ್ಲ ಎಂಬ ಪಾಠವನ್ನು ನಗರ ಅಂದು ಕಲಿಯಿತು, ಇನ್ನೂ ಮರೆತಿಲ್ಲ. 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವಾಯಿತು. ಸರ್ಕಾರಿ ಕಾರ್ಖಾನೆಗಳು ಬಂದವು. 1941ರಲ್ಲಿ ಸುಮಾರು 4 ಲಕ್ಷವಿದ್ದ ಜನಸಂಖ್ಯೆ ಹತ್ತೇ ವರ್ಷಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ತಲುಪಿತು. ಸುಮಾರು 100 ಕಿಲೋಮೀಟರು ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಈ ನೀರನ್ನು ಎತ್ತಬೇಕು. ಅದಕ್ಕೆ ವಿದ್ಯುತ್ತು ಬೇಕು. ಆ ವಿದ್ಯುತ್ತಿಗಾಗಿ ಎಲ್ಲಿಯೋ ಒಂದು ಕಣಿವೆ ಮುಳುಗಿರಬೇಕು, ಇಲ್ಲವೆ ಕಲ್ಲಿದ್ದಲು ಉರಿಯಬೇಕು.

ದೂರದ ನೀರು ಬಂದಂತೆ ಹತ್ತಿರದ ಕೆರೆಗಳು ಬರಿಯ ನಿವೇಶನಗಳಾಗಿ ಕಂಡವು. ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಬಸ್ ನಿಲ್ದಾಣವಾಯಿತು. ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ರಾತ್ರಿ ಬಸ್ಸು ಹತ್ತಿದ ವಿದ್ಯಾರ್ಥಿ ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿಯುವುದು ಒಂದು ಕೆರೆಯ ಅಂಗಳದಲ್ಲಿ ಎಂಬುದು ಅವನಿಗೆ ತಿಳಿದಿರುವುದಿಲ್ಲ. ತಿಪ್ಪಗೊಂಡನಹಳ್ಳಿಯ ಜಲಾನಯನವನ್ನೂ ನಗರವೇ ಕೆಡಿಸಿತು; ಕೊನೆಗೆ ಅಲ್ಲಿಂದ ನೀರು ಪಡೆಯುವುದನ್ನೇ ನಿಲ್ಲಿಸಬೇಕಾಯಿತು.

2007ರಲ್ಲಿ 110 ಹಳ್ಳಿಗಳನ್ನು ಮಹಾನಗರದೊಳಕ್ಕೆ ಸೇರಿಸಲಾಯಿತು. ಅಲ್ಲಿ ಬಹುಮಹಡಿ ಕಟ್ಟಡಗಳು ಮೊದಲು ಎದ್ದವು, ನೀರಿನ ಮಾತು ಆಮೇಲೆ ಬಂತು. ಆ ಹಳ್ಳಿಗಳಿಗೆಂದು ರೂಪಿಸಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ, ಹದಿನೇಳು ವರ್ಷಗಳ ತರುವಾಯ. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಲಕ್ಷಾಂತರ ರೂಪಾಯಿಯ ಮನೆಗಳ ಮುಂದೆ ಜನ ಟ್ಯಾಂಕರಿಗಾಗಿ ಕಾದಿದ್ದರು.

ಈ ಕೊಳವೆಯ ಮುಂದಿನ ತುದಿ ಶರಾವತಿಯಲ್ಲಿ ಎಂಬುದು ಮಲೆನಾಡಿಗರಿಗೆ ಹೊಸ ಸುದ್ದಿಯಲ್ಲ. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪ ಬಂದಾಗ ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿತು. 1964ರ ಅಣೆಕಟ್ಟಿಗಾಗಿ ಗದ್ದೆ, ತೋಟ, ಮನೆ ಬಿಟ್ಟವರ ಮಕ್ಕಳು ಮೊಮ್ಮಕ್ಕಳು ಕೊಟ್ಟ ಜಮೀನಿನ ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ಒಂದು ಸಲ ಬೆಳಕಿಗಾಗಿ ಮುಳುಗಿದವರನ್ನು ಇನ್ನೊಂದು ಸಲ ನೀರಿಗಾಗಿ ಕೇಳುವುದು ನ್ಯಾಯವಲ್ಲ.

ಕುಡಿಯುವ ನೀರಿಗೆ ಅಡ್ಡಿಪಡಿಸುವುದು ಅಮಾನವೀಯವೆಂಬ ಆಕ್ಷೇಪಣೆಯಿದೆ. ಅದು ತಳ್ಳಿಹಾಕುವ ಮಾತಲ್ಲ. ನಗರದ ಬಾಯಾರಿದವರಲ್ಲಿ ಮಲೆನಾಡಿನ ಮಕ್ಕಳೂ ಇದ್ದಾರೆ. ಆದರೆ ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಕೊಚ್ಚೆಯೊಡನೆ ರಾಜಕಾಲುವೆಗಳಲ್ಲಿ ಹರಿದುಹೋಗುತ್ತದೆ. ಶುದ್ಧೀಕರಿಸಿದ ಕೊಳಚೆ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಹರಿಸಲು ಸಾಧ್ಯವಾಗಿರುವಾಗ, ನಗರದ ಉದ್ಯಾನಗಳಿಗೂ ಕಟ್ಟಡ ಕಾಮಗಾರಿಗೂ ನದಿಯ ನೀರೇ ಏಕೆ? ಇದಲ್ಲದೆ, ಹೊಸ ಯೋಜನೆಗಳು ಲೆಕ್ಕಹಾಕುವುದು ಇಂದಿನ ಬಾಯಾರಿಕೆಯನ್ನಷ್ಟೇ ಅಲ್ಲ, ಇನ್ನೂ ಕಟ್ಟಿರದ ಮನೆಗಳ ಬಾಯಾರಿಕೆಯನ್ನೂ.

ಮಲೆನಾಡಿಗರೂ ಕೈತೊಳೆದುಕೊಳ್ಳುವಂತಿಲ್ಲ. ಗುಡ್ಡದ ನೆತ್ತಿಯನ್ನು ರೆಸಾರ್ಟಿಗೆ ಮಾರಿದವರು ಪರಊರಿನವರೇನಲ್ಲ. ತಾಲ್ಲೂಕು ಕೇಂದ್ರಗಳ ಅಂಚಿನಲ್ಲಿಯೂ ಗದ್ದೆಗೆ ಕೆಮ್ಮಣ್ಣು ತುಂಬಿ ನಿವೇಶನ ಮಾಡುವ ಕೆಲಸ ಭರದಿಂದ ಸಾಗಿದೆ.

ಹೊಸ ಬಡಾವಣೆಗೆ ಅನುಮತಿ ನೀಡುವ ಮೊದಲು ಅದರ ನೀರು ಯಾವ ಹೊಳೆಯದು, ಆ ಹೊಳೆಯ ದಂಡೆಯವರು ಒಪ್ಪಿದ್ದಾರೆಯೇ ಎಂಬುದನ್ನು ಸರ್ಕಾರ ಬರವಣಿಗೆಯಲ್ಲಿ ತಿಳಿಸಬೇಕು. ಶರಾವತಿ ಕಣಿವೆಯ ಪ್ರತಿಯೊಂದು ಗ್ರಾಮಸಭೆಯೂ ಈ ಬೇಡಿಕೆಯನ್ನು ಠರಾವು ಮಾಡಿ ಕಳುಹಿಸಲಿ. ಅದೇ ಸಭೆಯಲ್ಲಿ ತಮ್ಮ ಊರಿನ ಕೆರೆಯ ಒತ್ತುವರಿಯ ಕಡತವನ್ನೂ ತೆಗೆಸಲಿ.